ಖಾಲಿ ಗಾಡಿಯ ಮೈಲೇಜ್ ಕಟ್ಟಿಕೊಂಡು ನಾವೇನು ಮಾಡುವುದು?

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದವರಿಗೆ, ಇಂಧನ ದಕ್ಷತಾ ಬ್ಯೂರೋದವರಿಗೆ, ಗಾಡಿಗಳ ಪರೀಕ್ಷೆ ಮಾಡುವ ಪುಣೆಯ ಎಆರ್‌ಎಐ ಸಂಸ್ಥೆಯವರಿಗೆ,

ನಮಸ್ಕಾರ.

ನಾನು ಮಲ್ಪೆಯವನು. ನನ್ನ ಹತ್ತಿರ ಒಂದು ಡೀಸೆಲ್ ಪಿಕಪ್ ಇದೆ. ಮಾಲೀಕ ನಾನೇ, ಡ್ರೈವರ್ ನಾನೇ, ಹೆಚ್ಚಿನ ದಿನ ಕ್ಲೀನರ್ ಕೂಡ ನಾನೇ. ಬಂದರಿನಲ್ಲಿ ಮೀನು ಹೇರಿಕೊಂಡು ಮಂಗಳೂರಿನ ಧಕ್ಕೆಗೆ ಹೋಗುತ್ತೇನೆ. ವಾರಕ್ಕೆ ಎರಡು ಸಲ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ 61 ದಿನ ಸಿಮೆಂಟು, ಗೊಬ್ಬರ, ಮನೆ ಬದಲಾಯಿಸುವವರ ಮಂಚ ಕಪಾಟು, ಹೀಗೆ ಸಿಕ್ಕಿದ ಬಾಡಿಗೆ. 10 ತಿಂಗಳ ದುಡಿಮೆಯಲ್ಲಿ 12 ತಿಂಗಳ ಕಂತು ಕಟ್ಟಬೇಕು. ಹಾಗಾಗಿ ಒಂದು ಲೀಟರ್ ಡೀಸೆಲ್ ಅಂದರೆ ನನಗೆ ಸಣ್ಣ ಮಾತಲ್ಲ.

ಗಾಡಿ ತೆಗೆದುಕೊಂಡು ಮೂರು ವರ್ಷ ಆಯಿತು. ಶೋರೂಮಿನಲ್ಲಿ ಕೊಟ್ಟ ಬಣ್ಣದ ಕಾಗದದಲ್ಲಿ ಲೀಟರಿಗೆ 17 ಕಿಲೋಮೀಟರ್ ಅಂತ ಇತ್ತು. ಪಕ್ಕದಲ್ಲಿ ಒಂದು ಚಿಕ್ಕ ನಕ್ಷತ್ರ. ಅದರ ಅರ್ಥ ಪುಟದ ಬುಡದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ: ಪರೀಕ್ಷೆಯ ಪರಿಸ್ಥಿತಿಯಲ್ಲಿ ಬಂದ ಲೆಕ್ಕ. ಆವತ್ತು ಓದಲಿಲ್ಲ. ಓದಿದ್ದರೂ ಅರ್ಥ ಆಗುತ್ತಿರಲಿಲ್ಲ.

ಗಾಡಿ ಯಾವ ಕಂಪನಿಯದ್ದು ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಇದು ಆ ಕಂಪನಿಯ ಮೇಲಿನ ದೂರು ಆಗಿಬಿಡುತ್ತದೆ. ನಿಯಮ ಹೇಗೆ ಹೇಳಿದೆಯೋ ಹಾಗೆ ಅವರು ಮಾಡಿದ್ದಾರೆ. ನನ್ನ ತಕರಾರು ನಿಯಮದ ಮೇಲೆ. ಬಂದರಿನಲ್ಲಿ ಸಾಲಾಗಿ ನಿಂತ ಪಿಕಪ್‌ಗಳಲ್ಲಿ ಯಾವುದರ ಬಾಗಿಲು ತಟ್ಟಿ ಕೇಳಿದರೂ ನಿಮಗೆ ಇದೇ ಕಥೆ ಸಿಗುತ್ತದೆ.

ಇದನ್ನು ಬರೆಯಲು ಕಾರಣವಾದ ಒಂದು ದಿನದ ಕಥೆ ಹೇಳುತ್ತೇನೆ. 2025ರ ಏಪ್ರಿಲ್ 1ರಿಂದ ನಮ್ಮ ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ 18.44ರಿಂದ 21.17ಕ್ಕೆ ಏರಿತು. ಲೀಟರಿಗೆ 2 ರೂಪಾಯಿ ಜಾಸ್ತಿ ಆಯಿತು. (ಆದರೂ ಕೇರಳಕ್ಕಿಂತ ನಮ್ಮಲ್ಲಿ ಕಡಿಮೆ. ಕಾಸರಗೋಡಿನ ಗಾಡಿಗಳು ತಲಪಾಡಿ ದಾಟಿ ಬಂದು ಟ್ಯಾಂಕ್ ತುಂಬಿಸಿಕೊಂಡು ಹೋಗುವುದು ಇನ್ನೂ ನಿಂತಿಲ್ಲ.) ಬಾಡಿಗೆ ಸ್ವಲ್ಪ ಏರಿಸಿ ಕೊಡಿ ಅಂತ ನಾನು ಮೀನು ತುಂಬುವ ಸಾಹುಕಾರರ ಹತ್ತಿರ ಹೋದೆ. ಅವರು ಮೊಬೈಲ್ ತೆಗೆದು ನನ್ನ ಗಾಡಿಯ ಮೈಲೇಜ್ ಹುಡುಕಿದರು.

"ಎಂತ ಮಾರಾಯ್ರೆ, ಕಂಪನಿಯವರೇ 17 ಅಂತ ಹಾಕಿದ್ದಾರೆ. ನೀವು 12 ಅಂತೀರಿ. ಉಳಿದ 5 ಕಿಲೋಮೀಟರ್ ಎಲ್ಲಿ ಹೋಯ್ತು?" ಅಂತ ಕೇಳಿದರು.

ನಗುತ್ತಲೇ ಕೇಳಿದರು. ನಾನೂ ನಕ್ಕೆ. ಬಾಡಿಗೆ ಮಾತ್ರ ಏರಲಿಲ್ಲ. ಆ 5 ಕಿಲೋಮೀಟರನ್ನು ಹುಡುಕಿಕೊಂಡು ಹೋದವನು ಕೊನೆಗೆ ನಿಮ್ಮ ಬಾಗಿಲಿಗೆ ಬಂದಿದ್ದೇನೆ.

ಮೊದಲು ಹೋದದ್ದು ಸರ್ವೀಸಿಗೆ. ಕೌಂಟರಿನಲ್ಲಿದ್ದ ಹುಡುಗ ಕಂಪ್ಯೂಟರಿನಿಂದ ತಲೆ ಎತ್ತದೆ, "ಡ್ರೈವಿಂಗ್ ಸ್ಟೈಲ್ ಸರ್" ಅಂದ. ಸಿಟ್ಟು ಬಂತು. ಆದರೆ ಅವನ ಮಾತಿನಲ್ಲಿ ಸ್ವಲ್ಪ ಸತ್ಯ ಇತ್ತು ಅಂತ ಒಪ್ಪಿಕೊಳ್ಳಬೇಕು. ಹಿಂದಿನ ಟೈರಿಗೆ ಗಾಳಿ ನೋಡಿಸದೆ ತಿಂಗಳುಗಟ್ಟಲೆ ಓಡಿಸಿದ್ದೆ. ಕ್ರೇಟುಗಳನ್ನು ಕ್ಯಾಬಿನ್‌ಗಿಂತ ಎರಡು ಸಾಲು ಮೇಲೆ ಪೇರಿಸಿ, ಟರ್ಪಾಲು ಸಡಿಲ ಕಟ್ಟುತ್ತಿದ್ದೆ. ಅದು ದಾರಿಯುದ್ದಕ್ಕೂ ಪಟಪಟ ಹೊಡೆದುಕೊಳ್ಳುತ್ತಿತ್ತು. ಹೆದ್ದಾರಿಯಲ್ಲಿ 75ರಲ್ಲಿ ಹೋಗುತ್ತಿದ್ದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 75ರಿಂದ 60ಕ್ಕೆ ಇಳಿದರೆ ಆ ತಡೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕಡಿಮೆ ಆಗುತ್ತದೆ. ಇದು ಶಾಲೆಯ ಪುಸ್ತಕದಲ್ಲೇ ಇತ್ತು, ಆಗ ಮಾರ್ಕ್ಸ್‌ಗೆ ಮಾತ್ರ ಓದಿದ್ದು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿ ಬಿಡುತ್ತಿದ್ದೆ. ಡೀಸೆಲ್ ಉಳಿಯುತ್ತದೆ ಅಂತ ಹಳೆಯ ಡ್ರೈವರ್‌ಗಳು ಕಲಿಸಿದ ವಿದ್ಯೆ. ಕಂಪ್ಯೂಟರ್ ಹೇಳಿದಷ್ಟೇ ಡೀಸೆಲ್ ಚಿಮ್ಮಿಸುವ ಈಗಿನ ಕಾಮನ್ ರೈಲ್ ಇಂಜಿನ್‌ನಲ್ಲಿ ಅದು ಪೂರ್ತಿ ಉಲ್ಟಾ. ಗಾಡಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರ್ ಡೀಸೆಲ್ ಕೊಡುವುದನ್ನೇ ನಿಲ್ಲಿಸುತ್ತದೆ. ಚಕ್ರವೇ ಇಂಜಿನನ್ನು ತಿರುಗಿಸುತ್ತದೆ. ನ್ಯೂಟ್ರಲ್ ಹಾಕಿದರೆ ಇಂಜಿನ್ ತಾನೇ ಓಡಬೇಕು, ಅದಕ್ಕೆ ಡೀಸೆಲ್ ಬೇಕು. ಮೇಲಾಗಿ ಇಂಜಿನ್ ಬ್ರೇಕ್ ಇಲ್ಲದೆ ಬರೀ ಕಾಲಿನ ಬ್ರೇಕ್ ನಂಬಿ ಆಗುಂಬೆ ಇಳಿಯುವುದು ಅಂದರೆ ಜೀವದ ಜೊತೆ ಆಟ. ಎಷ್ಟು ವರ್ಷ ಹಾಗೆ ಇಳಿದಿದ್ದೇನೆ ಅಂತ ನೆನೆದರೆ ಈಗ ಮೈ ನಡುಗುತ್ತದೆ.

ಇದನ್ನೆಲ್ಲ ಸರಿ ಮಾಡಿದೆ. ಲೀಟರಿಗೆ ಹೆಚ್ಚು ಕಡಿಮೆ ಮುಕ್ಕಾಲು ಕಿಲೋಮೀಟರ್ ಜಾಸ್ತಿ ಬಂತು. ಸಂತೋಷವೇ. ಆದರೆ ಸಾಹುಕಾರರು ಕೇಳಿದ್ದು 5.

ಆಮೇಲೆ ನೋಟ್‌ಬುಕ್ ಇಟ್ಟೆ. ಗಾಡಿಯ ಮೀಟರಿನಲ್ಲಿ ತೋರಿಸುವ ಸರಾಸರಿಯನ್ನು ನಂಬಲಿಲ್ಲ. ಟ್ಯಾಂಕ್ ಫುಲ್ ಮಾಡಿಸುವುದು, ಓಡಿಸುವುದು, ಮತ್ತೆ ಫುಲ್ ಮಾಡಿಸುವುದು, ಎಷ್ಟು ಲೀಟರ್ ಹಿಡಿಯಿತು ಅಂತ ಬರೆಯುವುದು. ಪಂಪಿನ ಪೈಪ್ ಆಟೊ ಕಟ್ ಆದ ಮೇಲೆ ಒಂದು ತೊಟ್ಟೂ ಹಾಕಿಸುವುದಿಲ್ಲ. ಸಾಧ್ಯವಾದಷ್ಟು ಅದೇ ಪಂಪು, ಅದೇ ಪೈಪು, ಗಾಡಿ ನಿಲ್ಲಿಸುವ ಜಾಗವೂ ಅದೇ. ನೆಲ ಸ್ವಲ್ಪ ವಾಲಿದ್ದರೂ ಟ್ಯಾಂಕಿಗೆ ಅರ್ಧ ಲೀಟರ್ ಹೆಚ್ಚು ಕಡಿಮೆ ಹಿಡಿಯುತ್ತದೆ. ಓಡೋಮೀಟರನ್ನು ಹೆದ್ದಾರಿಯ ಕಿಲೋಮೀಟರ್ ಕಲ್ಲಿನ ಜೊತೆ ಹೋಲಿಸಿ ನೋಡಿದೆ. ಪಂಪಿನ ಹುಡುಗರು ನನಗೆ "ಇಂಜಿನಿಯರ್" ಅಂತ ಹೆಸರಿಟ್ಟರು. ಇರಲಿ.

ಭಾರದ ಲೆಕ್ಕವೂ ಹೇಳಬೇಕು. ನನ್ನ ಗಾಡಿ 1,300 ಕೆಜಿ ಪಾಸಿಂಗ್, ಅಂದರೆ ಅಷ್ಟು ಭಾರ ಹೇರಲು ಒಪ್ಪಿಗೆ ಇದೆ. ನಾನು ಹೇರುವುದು 1,200ರ ಆಸುಪಾಸು. ಅಷ್ಟೂ ಮೀನು ಅಂತ ತಿಳಿಯಬೇಡಿ. ನಮ್ಮ ಸೆಕೆಗೆ ಮೀನು ಕೆಡಬಾರದು ಅಂದರೆ ಒಂದು ಕೆಜಿ ಮೀನಿಗೆ ಒಂದು ಕೆಜಿ ಐಸ್ ಹಾಕಬೇಕು ಅನ್ನುತ್ತಾರೆ. ಎಲ್ಲರೂ ಅಷ್ಟು ಹಾಕುವುದಿಲ್ಲ, ಆದರೂ ಒಳ್ಳೆಯ ಪಾಲು ಐಸೇ. ಅಂದರೆ ಬೂತಾಯಿ, ಬಂಗುಡೆಯ ಜೊತೆ ನೀರನ್ನೂ ಹೊತ್ತುಕೊಂಡು ಹೋಗುತ್ತೇವೆ. ಕರಗಿದ ನೀರನ್ನು ದಾರಿಗೆ ಬಿಟ್ಟರೆ ಭಾರ ಇಳಿಯುತ್ತದೆ, ಆದರೆ ಹಿಂದೆ ಬರುವ ಬೈಕಿನವರು ಜಾರಿ ಬೀಳುತ್ತಾರೆ. ಹೆದ್ದಾರಿಯಲ್ಲಿ ಮೀನಿನ ನೀರು ಬಿಡುವವರ ಮೇಲೆ ಜನ ಬೈಯುವುದು ನ್ಯಾಯವೇ. ನಾನು ಟ್ಯಾಂಕ್ ಇಟ್ಟಿದ್ದೇನೆ. ಅದರ ಭಾರವೂ ನನ್ನ ಡೀಸೆಲ್ ಮೇಲೆಯೇ.

ಈಗ ನೋಟ್‌ಬುಕ್ಕಿನ ಲೆಕ್ಕ. ಮಲ್ಪೆಯಿಂದ ಧಕ್ಕೆಗೆ 60 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಕರಾವಳಿ ಜಂಕ್ಷನ್‌ನಲ್ಲಿ ಹೆದ್ದಾರಿ 66ಕ್ಕೆ ಸೇರಿದರೆ ಕಟಪಾಡಿ, ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್, ಹೀಗೆ ಹೆಚ್ಚು ಕಡಿಮೆ ಸಮತಟ್ಟು ದಾರಿ. ಮೀನು ತುಂಬಿಕೊಂಡು ಹೋಗುವಾಗ ನಾಲ್ಕು ತಿಂಗಳ ಸರಾಸರಿ 12.4 ಬಂತು. ಖಾಲಿ ಮಾಡಿ ವಾಪಸ್ ಬರುವಾಗ 16. ಕೂಳೂರು ಸೇತುವೆಯ ಹತ್ತಿರ ಪಣಂಬೂರಿನ ಟ್ಯಾಂಕರ್, ಕಂಟೈನರ್‌ಗಳ ಹಿಂದೆ ಸಿಕ್ಕಿಹಾಕಿಕೊಂಡ ದಿನ 11ಕ್ಕೆ ಇಳಿದದ್ದೂ ಉಂಟು. ನಿಂತಲ್ಲೇ ಇಂಜಿನ್ ಓಡಿದರೂ ಗಂಟೆಗೆ ಅರ್ಧ ಲೀಟರಿಗೂ ಜಾಸ್ತಿ ಹೋಗುತ್ತದೆ. ಇಂಜಿನ್ ಬಂದ್ ಮಾಡೋಣ ಅಂದರೆ ಜಾಮ್ ಒಂದೊಂದೇ ಮೀಟರ್ ಕದಲುತ್ತಿರುತ್ತದೆ.

ನಿಜವಾದ ಪರೀಕ್ಷೆ ಘಾಟಿಯದು. ಹೆದ್ದಾರಿ 169ಎ ಮಲ್ಪೆಯಿಂದಲೇ ಶುರು. ಉಡುಪಿ, ಮಣಿಪಾಲ, ಹೆಬ್ರಿ, ಸೋಮೇಶ್ವರ, ಆಗುಂಬೆ, ತೀರ್ಥಹಳ್ಳಿ. ಭಾರಿ ಲಾರಿಗಳಿಗೆ ಆಗುಂಬೆ ಘಾಟಿಯಲ್ಲಿ ಪ್ರವೇಶವಿಲ್ಲ. ಹಾಗಾಗಿ ಈ ದಾರಿಯಲ್ಲಿ ಮಲೆನಾಡಿನವರ ತಟ್ಟೆಗೆ ಮೀನು ಹೋಗುವುದು ನಮ್ಮಂಥ ಸಣ್ಣ ಗಾಡಿಗಳಲ್ಲೇ. ಸೋಮೇಶ್ವರದಿಂದ ಮೇಲೆ ಕೆಲವೇ ಕಿಲೋಮೀಟರಿನಲ್ಲಿ 500 ಮೀಟರಿಗೂ ಜಾಸ್ತಿ ಎತ್ತರ ಏರಬೇಕು. 14 ಹೇರ್‌ಪಿನ್ ತಿರುವು. ತಿರುವಿನಲ್ಲಿ ಫಸ್ಟ್ ಗೇರ್, ಬಿಟ್ಟ ಮೇಲೆ ಸೆಕೆಂಡ್, ಮತ್ತೆ ಎದುರಿನಿಂದ ಬಸ್ ಬಂತು, ಮತ್ತೆ ಫಸ್ಟ್. ಮಳೆಗಾಲದಲ್ಲಿ ಮಂಜು ಬೇರೆ.

ಹೆಬ್ರಿಯಲ್ಲಿ ಟ್ಯಾಂಕ್ ಫುಲ್ ಮಾಡಿ ಹತ್ತಿದೆ. ತೀರ್ಥಹಳ್ಳಿಯಲ್ಲಿ ಮತ್ತೆ ಫುಲ್ ಮಾಡಿದೆ. ನನ್ನ ಮೀಟರಿನಲ್ಲಿ 58 ಕಿಲೋಮೀಟರ್. ಹಿಡಿದದ್ದು 7 ಲೀಟರ್. ಅಂದರೆ 8.3. ಇಷ್ಟು ಕಡಿಮೆ ಡೀಸೆಲ್‌ನಲ್ಲಿ ಅರ್ಧ ಲೀಟರ್ ತಪ್ಪಿದರೂ ಲೆಕ್ಕ ಕೆಡುತ್ತದೆ ಅಂತ ಗೊತ್ತು. ಅದಕ್ಕೇ ಆರು ಸಲ ಮಾಡಿದೆ. 8ಕ್ಕಿಂತ ಕೆಳಗೂ ಹೋಗಲಿಲ್ಲ, 9ನ್ನೂ ಮುಟ್ಟಲಿಲ್ಲ.

ಮಗಳು ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಓದುತ್ತಾಳೆ. ಅವಳು ನನ್ನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿ ತೋರಿಸಿದಳು. ಗಾಡಿ, ಮೀನು, ಐಸ್, ನಾನು ಎಲ್ಲ ಸೇರಿ ಸುಮಾರು 3 ಟನ್. ಅದನ್ನು 550 ಮೀಟರ್ ಮೇಲಕ್ಕೆ ಎತ್ತಲು ಬೇಕಾದ ಶಕ್ತಿ 16 ಮೆಗಾಜೂಲ್. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೂಲ್ ಇದೆ. ಆದರೆ ಅದರಲ್ಲಿ ಮೂರನೇ ಒಂದು ಪಾಲು ಚಕ್ರಕ್ಕೆ ಬಂದರೆ ಹೆಚ್ಚು. ಉಳಿದದ್ದು ಸೈಲೆನ್ಸರ್, ರೇಡಿಯೇಟರ್ ದಾರಿಯಲ್ಲಿ ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಬರೀ ಎತ್ತರಕ್ಕೇ ಒಂದೂಕಾಲು, ಒಂದೂವರೆ ಲೀಟರ್. ನಾನು ಎಷ್ಟೇ ನಾಜೂಕಾಗಿ ಓಡಿಸಿದರೂ ಅದರಲ್ಲಿ ಒಂದು ಹನಿ ಕಡಿಮೆ ಆಗುವುದಿಲ್ಲ. ಸರ್ವೀಸಿನ ಹುಡುಗನಿಗೆ ಈ ಪುಟವನ್ನು ತೋರಿಸಬೇಕು ಅಂತ ಎಷ್ಟೋ ಸಲ ಅನಿಸಿದೆ.

ಇನ್ನು ವಾಪಸ್ ಬರುವ ಕಥೆ. ಕ್ರೇಟು ಖಾಲಿ, ಐಸ್ ಖಾಲಿ, ಘಾಟಿ ಇಳಿಯುವುದು ಬೇರೆ. ಅದೇ 58 ಕಿಲೋಮೀಟರಿಗೆ ಹಿಡಿದದ್ದು 3.3 ಲೀಟರ್. ಲೆಕ್ಕ ಹಾಕಿ: 17.6.

ಅಂತೂ ನಿಮ್ಮ 17 ಸಿಕ್ಕಿತು. ಖಾಲಿ ಗಾಡಿಯಲ್ಲಿ ಘಾಟಿ ಇಳಿಯುವಾಗ ಸಿಕ್ಕಿತು.

ಈ 17 ಹೇಗೆ ಬಂತು ಅಂತ ಮಗಳು ಹುಡುಕಿ ಹೇಳಿದಳು. ನಿಮಗೆ ಇದು ಗೊತ್ತಿರುವುದೇ. ಓದುವ ಉಳಿದವರಿಗಾಗಿ ಬರೆಯುತ್ತೇನೆ. ಗಾಡಿಯನ್ನು ರಸ್ತೆಗೆ ತರುವುದಿಲ್ಲ. ಒಂದು ಕೋಣೆಯೊಳಗೆ ಉರುಳೆಗಳ ಮೇಲೆ ನಿಲ್ಲಿಸುತ್ತಾರೆ. ಚಕ್ರ ತಿರುಗುತ್ತದೆ, ಗಾಡಿ ಅಲ್ಲೇ ಇರುತ್ತದೆ. ಮುಂದೆ ಫ್ಯಾನ್. ಕೋಣೆಯ ಉಷ್ಣತೆ 20ರಿಂದ 30 ಡಿಗ್ರಿ ಒಳಗೆ. ಡ್ರೈವರ್ ಪರದೆ ನೋಡಿಕೊಂಡು, ಅದರಲ್ಲಿ ಬರುವ ಗೆರೆಯಂತೆ ವೇಗ ಏರಿಸಬೇಕು, ಇಳಿಸಬೇಕು. ಮಾಡಿಫೈಡ್ ಇಂಡಿಯನ್ ಡ್ರೈವಿಂಗ್ ಸೈಕಲ್ ಅಂತ ಅದರ ಹೆಸರು. ಒಟ್ಟು 1,180 ಸೆಕೆಂಡ್, ಅಂದರೆ 20 ನಿಮಿಷವೂ ಇಲ್ಲ. ದೂರ 11 ಕಿಲೋಮೀಟರಿಗೂ ಕಡಿಮೆ. ಅದರಲ್ಲಿ ಏರು ಇಲ್ಲ, ಹೇರ್‌ಪಿನ್ ಇಲ್ಲ, ಮಳೆ ಇಲ್ಲ, ಕೂಳೂರು ಸೇತುವೆ ಇಲ್ಲ. ಸುಟ್ಟ ಡೀಸೆಲ್ಲನ್ನು ನೇರವಾಗಿ ಅಳೆಯುವುದೂ ಇಲ್ಲ. ಹೊಗೆಯನ್ನು ಹಿಡಿದು, ಅದರಲ್ಲಿರುವ ಇಂಗಾಲದಿಂದ ಡೀಸೆಲ್ ಎಷ್ಟು ಸುಟ್ಟಿತು ಅಂತ ಲೆಕ್ಕ ತೆಗೆಯುತ್ತಾರೆ.

ಇದರಲ್ಲಿ ನನಗೇನೂ ತಕರಾರಿಲ್ಲ. ಎಲ್ಲ ಗಾಡಿಗೂ ಒಂದೇ ಅಳತೆಗೋಲು ಬೇಕು, ಅದಕ್ಕೆ ಕೋಣೆ ಬೇಕು. ಒಪ್ಪಿದೆ.

ಆದರೆ ಭಾರ? ಉರುಳೆಯ ಮೇಲೆ ಗಾಡಿಯ ತೂಕ ಅಂತ ಲೆಕ್ಕಕ್ಕೆ ಹಿಡಿಯುವುದು ಖಾಲಿ ಗಾಡಿಯ ತೂಕ, ಅದರ ಮೇಲೆ 150 ಕೆಜಿ. ಅಷ್ಟೇ. ಕಾರಿಗೂ 150, ನನ್ನ ಪಿಕಪ್‌ಗೂ 150.

ಅದನ್ನು ಓದಿದಾಗ ನಾನು ಮಗಳಿಗೆ ಇನ್ನೊಮ್ಮೆ ಓದು ಅಂದೆ. ಅವಳು ಓದಿದಳು. "ಅಪ್ಪಾ, 150 ಅಂದ್ರೆ ನೀವು, ನಾನು, ಮತ್ತೆ ಒಂದು ಕ್ರೇಟ್ ಬಂಗುಡೆ" ಅಂದಳು.

ಕಾರಿಗೆ 150 ಕೆಜಿ ಸರಿ ಇರಬಹುದು. ಕಾರು ತೆಗೆದುಕೊಳ್ಳುವವನು ಹೆಂಡತಿಯನ್ನು ಕೂರಿಸಿಕೊಂಡು ಪೇಟೆಗೆ ಹೋಗುತ್ತಾನೆ. ಪಿಕಪ್‌ನ್ನು ಯಾರಾದರೂ ಗಾಳಿ ತಿನ್ನಲು ತೆಗೆದುಕೊಳ್ಳುತ್ತಾರಾ? ಕಂಪನಿಯವರು ಅದೇ ಕಾಗದದ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ 1,300 ಕೆಜಿ ಹೊರುತ್ತದೆ ಅಂತ ಹಾಕುತ್ತಾರೆ. ಎರಡನೇ ಪುಟದಲ್ಲಿ 17 ಕಿಲೋಮೀಟರ್ ಕೊಡುತ್ತದೆ ಅಂತ ಹಾಕುತ್ತಾರೆ. ಎರಡೂ ನಿಜ. ಒಟ್ಟಿಗೆ ಮಾತ್ರ ನಿಜ ಅಲ್ಲ. ಸಾಹುಕಾರರು ಕೇಳಿದ ಆ 5 ಕಿಲೋಮೀಟರ್ ಈ ಎರಡು ಪುಟಗಳ ನಡುವೆ ಇತ್ತು.

ನನಗೆ ಇನ್ನೂ ಬೇಸರ ಆದದ್ದು ಬೇರೆ ವಿಷಯಕ್ಕೆ. ಕಾರು ಕಂಪನಿಗಳಿಗೆ 2017-18ರಿಂದಲೇ ಇಂಧನ ಮಿತಿಯ ನಿಯಮ ಇದೆ, 2022-23ರಿಂದ ಅದು ಇನ್ನೂ ಬಿಗಿಯಾಯಿತು. ದೊಡ್ಡ ಟ್ರಕ್ಕಿಗೂ ನಿಯಮ ಇದೆ. ಅದನ್ನು ಪೂರ್ತಿ ಭಾರ ಹೇರಿ, 40, 60 ಕಿಲೋಮೀಟರ್ ವೇಗ ಹಿಡಿದು ಓಡಿಸಿ ಡೀಸೆಲ್ ಅಳೆಯುತ್ತೀರಿ. ಅಂದರೆ ಭಾರ ಹೇರಿ ಅಳೆಯುವ ವಿದ್ಯೆ ನಿಮಗೆ ಗೊತ್ತಿಲ್ಲ ಅಂತ ಅಲ್ಲ. 3.5 ಟನ್ ದಾಟಿದ ಗೂಡ್ಸ್ ಗಾಡಿಗೆ ಟ್ರಕ್ಕಿನ ಲೆಕ್ಕ. ಅದಕ್ಕಿಂತ ಕೆಳಗಿನ ನಮಗೆ ಕಾರಿನ ಪರೀಕ್ಷೆ, ಆದರೆ ಕಾರಿಗಿದ್ದ ಮಿತಿ ಇಲ್ಲ. ಮನೆಯ ಫ್ರಿಜ್ ಮೇಲೆ ಬ್ಯೂರೋದ ಸ್ಟಾರ್ ಚೀಟಿ ಇದೆ, ವರ್ಷಕ್ಕೆ ಎಷ್ಟು ಯೂನಿಟ್ ಅಂತ ಅದರಲ್ಲೇ ಬರೆದಿದೆ. ಅದರ ಹತ್ತಾರು ಪಟ್ಟು ಬೆಲೆಯ ಗಾಡಿಯ ಮೇಲೆ ಒಂದು ಚೀಟಿಯೂ ಇಲ್ಲ. ಸಣ್ಣ ಗೂಡ್ಸ್ ಗಾಡಿಗಳಿಗೂ ಮಿತಿ ತರುವ ಮಾತು ನಡೆಯುತ್ತಿದೆ ಅಂತ ಕೇಳಿದೆ. ಒಳ್ಳೆಯದು. ಅದನ್ನು ಬರೆಯುತ್ತಿರುವವರು ಈ 150 ಕೆಜಿಯನ್ನು ಹಾಗೆಯೇ ಬಿಟ್ಟುಬಿಡಬೇಡಿ ಅಂತ ಕೇಳಲಿಕ್ಕೇ ಈ ಪತ್ರ.

ಹೊರದೇಶದಲ್ಲಿ ಎಲ್ಲ ಸರಿ ಇದೆ ಅಂತ ನಾನು ಹೇಳುವುದಿಲ್ಲ. ಪಿಕಪ್ ಅಂದರೆ ಅಮೆರಿಕ ಅಲ್ವಾ? ಅಲ್ಲಿ ಹೊಸ ಗಾಡಿಯ ಗಾಜಿಗೆ ಮೈಲೇಜ್ ಚೀಟಿ ಅಂಟಿಸಲೇಬೇಕು. ಪೇಟೆಗೆ ಒಂದು ಅಂಕೆ, ಹೆದ್ದಾರಿಗೆ ಒಂದು ಅಂಕೆ. 2008ರ ಮಾದರಿಗಳಿಂದ ಏಸಿ, ಚಳಿ, ಜೋರು ವೇಗ ಎಲ್ಲವನ್ನೂ ಲೆಕ್ಕಕ್ಕೆ ತಂದರು. ಆದರೆ ಅಲ್ಲೂ ಪರೀಕ್ಷೆ ಖಾಲಿ ಗಾಡಿಯ ಮೇಲೆ 300 ಪೌಂಡ್, ಅಂದರೆ ಸುಮಾರು 136 ಕೆಜಿ ಸೇರಿಸಿಯೇ. ಒಟ್ಟು ಭಾರ 8,500 ಪೌಂಡ್ ದಾಟುವ ದೊಡ್ಡ ಪಿಕಪ್‌ಗಳಿಗೆ ಚೀಟಿಯೇ ಬೇಕಾಗಿಲ್ಲ. ಅವರ ಗೋಳು ಅವರಿಗೆ.

ಯುರೋಪಿನವರು ಸ್ವಲ್ಪ ಮುಂದೆ ಹೋಗಿದ್ದಾರೆ. 2017ರಿಂದ ಅಲ್ಲಿ ಡಬ್ಲ್ಯುಎಲ್‌ಟಿಪಿ ಅನ್ನುವ ಹೊಸ ಪರೀಕ್ಷೆ ಇದೆ. ಅದರಲ್ಲಿ ಕಾರಿಗೆ ಅದು ಹೊರುವ ಭಾರದ ಶೇ 15 ಸೇರಿಸಿದರೆ, ಗೂಡ್ಸ್ ಗಾಡಿಗೆ ಶೇ 28 ಸೇರಿಸುತ್ತಾರೆ. ನನ್ನ 1,300 ಕೆಜಿಗೆ ಅದು 364 ಕೆಜಿ ಆಗುತ್ತದೆ. ಪೂರ್ತಿ ಅಲ್ಲ, ಆದರೂ ಕಾರು ಬೇರೆ, ಮೀನಿನ ಗಾಡಿ ಬೇರೆ ಅಂತ ಒಪ್ಪಿಕೊಂಡಿದ್ದಾರಲ್ಲ. ನಮ್ಮಲ್ಲೂ ಆ ಪರೀಕ್ಷೆ ತರುವ ಸಿದ್ಧತೆ ನಡೆಯುತ್ತಿದೆ. ತನ್ನಿ. ಆದರೆ ಶೇ 28ಕ್ಕೆ ನಿಲ್ಲಿಸಬೇಡಿ. ನಮ್ಮ ಬಂದರಿನಲ್ಲಿ ಶೇ 28 ಹೇರಿಕೊಂಡು ಹೊರಡುವ ಗಾಡಿಯನ್ನು ನಾನು ನೋಡಿಲ್ಲ. ಶೇ 128 ಹೇರಿದ್ದನ್ನು ನೋಡಿದ್ದೇನೆ, ಆ ವಿಷಯ ಈಗ ಬೇಡ.

ಪಿಕಪ್‌ಗೆ ಮೂರು ಅಂಕೆ ಬರೆಸಿ. ಖಾಲಿ ಇದ್ದಾಗ ಎಷ್ಟು, ಪಾಸಿಂಗ್ ಇದ್ದಷ್ಟೂ ಹೇರಿದಾಗ ಎಷ್ಟು, ಅಷ್ಟೇ ಹೇರಿ ಏರು ಹತ್ತಿದಾಗ ಎಷ್ಟು. ಏರು ಅಂದರೆ ಆಗುಂಬೆಗೆ ಬನ್ನಿ ಅಂತ ಅಲ್ಲ. ಉರುಳೆಯ ತಡೆಯನ್ನು ಹೆಚ್ಚಿಸಿದರೆ ಕೋಣೆಯೊಳಗೇ ಘಾಟಿ ಹುಟ್ಟುತ್ತದೆ ಅಂತ ಮಗಳು ಹೇಳುತ್ತಾಳೆ. ಮೂರೂ ಒಂದೇ ಗಾತ್ರದ ಅಕ್ಷರದಲ್ಲಿ ಇರಲಿ. ನಕ್ಷತ್ರ ಬೇಡ.

ಹೊಸ ಯಂತ್ರ ಬೇಕು, ದುಡ್ಡು ಬೇಕು ಅಂತ ನೀವು ಹೇಳಬಹುದು. 2023ರ ಏಪ್ರಿಲ್ 1ರಿಂದ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮದ ಎರಡನೇ ಹಂತ ಬಂತು. ಅದರಲ್ಲಿ ಗಾಡಿಗೆ ಪೆಟ್ಟಿಗೆಯಂಥ ಯಂತ್ರ ಕಟ್ಟಿ, ನಿಜವಾದ ರಸ್ತೆಯಲ್ಲೇ ಓಡಿಸಿ ಹೊಗೆ ಅಳೆಯುವ ನಿಯಮ ಇದೆ. ನಮ್ಮಂಥ ಸಣ್ಣ ಗೂಡ್ಸ್ ಗಾಡಿಗೂ ಅದು ಅನ್ವಯ. ಆ ಪೆಟ್ಟಿಗೆ ಇಂಗಾಲದ ಡೈಆಕ್ಸೈಡನ್ನೂ ಅಳೆಯುತ್ತದೆ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅದು ಗೊತ್ತಾದರೆ ಡೀಸೆಲ್ ಗೊತ್ತಾದ ಹಾಗೆಯೇ. ಅಂದರೆ ರಸ್ತೆಯ ಮೈಲೇಜ್ ನಿಮ್ಮ ಕಡತದಲ್ಲಿ ಆಗಲೇ ಇದೆ. ಶೋರೂಮಿನ ಕಾಗದಕ್ಕೆ ಬಂದಿಲ್ಲ, ಅಷ್ಟೇ.

ಇನ್ನೊಂದು ದಾರಿಯೂ ಇದೆ, ಅದಕ್ಕೆ ಖರ್ಚು ಇನ್ನೂ ಕಡಿಮೆ. ನಮ್ಮ ಗಾಡಿಗಳು ಹೇಗಿದ್ದರೂ ಫಿಟ್‌ನೆಸ್ ಪರೀಕ್ಷೆಗೆ, ಅಂದರೆ ಎಫ್‌ಸಿಗೆ ಬರಲೇಬೇಕು. ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಎಷ್ಟು ಡೀಸೆಲ್ ಚಿಮ್ಮಿಸಬೇಕು ಅಂತ ಕ್ಷಣಕ್ಷಣಕ್ಕೂ ತೀರ್ಮಾನಿಸುವುದು ಗಾಡಿಯ ಕಂಪ್ಯೂಟರೇ. ಅದನ್ನು ಕೂಡಿಸಿ ಇಟ್ಟುಕೊಳ್ಳಲು ಹೇಳಿದರೆ ಆಯಿತು. ಯುರೋಪಿನಲ್ಲಿ 2021ರಿಂದ ಹೊಸ ಕಾರು, ವ್ಯಾನ್‌ಗಳಲ್ಲಿ ಇದು ಕಡ್ಡಾಯ. ಹಾಗೆ ಸಿಕ್ಕಿದ ಲೆಕ್ಕವನ್ನು 2024ರಲ್ಲಿ ಹೊರಗೆ ಬಿಟ್ಟರು. ಪೆಟ್ರೋಲ್, ಡೀಸೆಲ್ ಕಾರುಗಳು ಹೊಸ ಪರೀಕ್ಷೆ ಹೇಳಿದ್ದಕ್ಕಿಂತ ಶೇ 20ರಷ್ಟು ಜಾಸ್ತಿ ಕುಡಿಯುತ್ತಿದ್ದವು. ಅದು ಕಾರಿನ ಕಥೆ, ಒಳ್ಳೆಯ ರಸ್ತೆಯ ಕಥೆ. ನಮ್ಮಲ್ಲೂ ಎಫ್‌ಸಿಯ ದಿನ ವೈರ್ ಚುಚ್ಚಿ ಎರಡು ಅಂಕೆ ಬರೆದುಕೊಳ್ಳಿ: ಎಷ್ಟು ಕಿಲೋಮೀಟರ್, ಎಷ್ಟು ಲೀಟರ್. ನನ್ನ ಹೆಸರು, ನಂಬರ್ ಬೇಡ. ಕೆಎ 20ರ, ಅಂದರೆ ಉಡುಪಿ ನೋಂದಣಿಯ, ಈ ಮಾದರಿಯ ಗಾಡಿಗಳು ಸರಾಸರಿ ಇಷ್ಟು ಕೊಟ್ಟಿವೆ ಅಂತ ವರ್ಷಕ್ಕೊಮ್ಮೆ ಪ್ರಕಟಿಸಿದರೆ ಸಾಕು.

ಅದರಿಂದ ಏನಾಗುತ್ತದೆ ಅಂತ ಕೇಳಿದರೆ ನನ್ನ ಮನೆಯ ಲೆಕ್ಕ ಹೇಳುತ್ತೇನೆ. ದಿನಕ್ಕೆ 200 ಕಿಲೋಮೀಟರ್ ಓಡುತ್ತೇನೆ ಅಂತ ಇಟ್ಟುಕೊಳ್ಳಿ. 17ರ ಲೆಕ್ಕದಲ್ಲಿ 11.8 ಲೀಟರ್ ಬೇಕು. 12ರ ಲೆಕ್ಕದಲ್ಲಿ 16.7. ದಿನಕ್ಕೆ ಸುಮಾರು 5 ಲೀಟರ್ ವ್ಯತ್ಯಾಸ. ಲೀಟರಿಗೆ 90 ರೂಪಾಯಿ ಹಿಡಿದರೂ ದಿನಕ್ಕೆ 440. ತಿಂಗಳಿಗೆ 25 ದಿನ ಅಂದರೆ 11,000 ರೂಪಾಯಿ. ಸಾಲ ತೆಗೆಯುವಾಗ ತಿಂಗಳಿಗೆ ಎಷ್ಟು ಕಂತು ಕಟ್ಟಬಹುದು ಅಂತ ನಾವು ಲೆಕ್ಕ ಹಾಕಿದ್ದು ಆ 17ನ್ನು ನಂಬಿ. ಮನೆಯಲ್ಲಿ ಹೆಂಡತಿ ಒಂದು ಹಾಳೆಯಲ್ಲಿ ಬರೆದಿದ್ದಳು. ಆ ಹಾಳೆ ಈಗಲೂ ಇದೆ. ಕಂತು 17ರಂತೆ ಹೋಗುತ್ತಿದೆ, ಡೀಸೆಲ್ 12ರಂತೆ ಹೋಗುತ್ತಿದೆ.

ಬರೀ ಖರೀದಿಯ ದಿನದ ಮೋಸ ಆಗಿದ್ದರೆ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಆ ಅಂಕೆ ದಿನಾ ನಮ್ಮ ಮುಂದೆ ಬಂದು ನಿಲ್ಲುತ್ತದೆ. ಬಾಡಿಗೆ ಮಾತಾಡುವಾಗಲೆಲ್ಲ ಎದುರಿನವರ ಮೊಬೈಲಿನಲ್ಲಿ ಅದೇ 17. ಗಾಡಿ ಇಟ್ಟು ಡ್ರೈವರ್‌ಗೆ ಕೊಡುವ ಮಾಲೀಕರೂ ಹಾಗೆಯೇ. 17 ಬರಬೇಕಾದಲ್ಲಿ 12 ಬಂದರೆ ಡ್ರೈವರ್ ಡೀಸೆಲ್ ಕದಿಯುತ್ತಾನೆ ಅಂತ ಅನುಮಾನ. ನಮ್ಮ ಬಂದರಿನಲ್ಲೇ ಒಬ್ಬ ಹುಡುಗನನ್ನು ಹಾಗೆ ಕೆಲಸದಿಂದ ತೆಗೆದರು. ಅವನು ಕದ್ದನೋ ಇಲ್ಲವೋ ನಾನು ಹೇಳಲಾರೆ. ಅವನು ಓಡಿಸುತ್ತಿದ್ದದ್ದು ವಾರಕ್ಕೆ ನಾಲ್ಕು ಟ್ರಿಪ್ ಆಗುಂಬೆಗೆ ಅಂತ ಮಾತ್ರ ಗೊತ್ತು. ಘಾಟಿಗೆ 8.3 ಅಂತ ಎಲ್ಲಾದರೂ ಅಚ್ಚಾಗಿದ್ದರೆ ಅವನು ಅದನ್ನು ತೋರಿಸಬಹುದಿತ್ತು.

ನನ್ನ ಲೆಕ್ಕವನ್ನೇ ನಂಬಿ ಅಂತ ಹೇಳುತ್ತಿಲ್ಲ. ಒಂದು ಗಾಡಿ, ಒಬ್ಬ ಡ್ರೈವರ್, ಎರಡು ದಾರಿ. ನನ್ನ ಪಂಪಿನ ಪೈಪಿಗೂ ತಪ್ಪು ಇರಬಹುದು. ನೀವೇ ಬಂದು ಅಳೆಯಿರಿ. ಆಗಸ್ಟ್‌ನಲ್ಲಿ ಬೋಟುಗಳು ಇಳಿದ ಮೇಲೆ ಬಂದರೆ ಒಳ್ಳೆಯದು. ಬೆಳಿಗ್ಗೆ ಬೇಗ ಬರಬೇಕು, ಏಲಂ ಮುಗಿದ ತಕ್ಷಣ ಗಾಡಿ ಹೊರಡುತ್ತದೆ. ಕ್ಯಾಬಿನ್‌ನಲ್ಲಿ ಇನ್ನೊಬ್ಬರಿಗೆ ಜಾಗ ಇದೆ. ಏಸಿ ಇಲ್ಲ, ಮೀನಿನ ವಾಸನೆ ಇದೆ. ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ.

ನೋಟ್‌ಬುಕ್ ಬೇಕಾದರೆ ಈಗಲೇ ಕಳಿಸುತ್ತೇನೆ. ನವೆಂಬರಿನ ಎರಡು ಪುಟಗಳ ಮೇಲೆ ಐಸ್ ನೀರು ಬಿದ್ದು ಅಂಕೆ ಕಲಸಿಹೋಗಿದೆ. ಉಳಿದದ್ದೆಲ್ಲ ಓದಲು ಬರುತ್ತದೆ.

ಇಂತಿ,
ಮಲ್ಪೆಯ ಒಬ್ಬ ಪಿಕಪ್ ಮಾಲೀಕ